ಎಡದಿಂದ ನಾಲ್ಕನೆಯ ಹೆಣದ ತಕರಾರು

ಚಲನಚಿತ್ರಗಳಿಗೆ ಪ್ರಮಾಣಪತ್ರ ಕೊಡುವ ಮಾನ್ಯ ಅಧಿಕಾರಿಗಳೇ,

ಇಷ್ಟರಲ್ಲೇ ನಿಮ್ಮ ಮೇಜಿಗೆ ಬರಲಿರುವ ಒಂದು ಚಿತ್ರದಲ್ಲಿ ನಾನು ಸತ್ತಿದ್ದೇನೆ. ಅದಕ್ಕೆ ನನ್ನ ತಕರಾರಿಲ್ಲ. ಸಾವು ಚೆನ್ನಾಗಿಯೇ ಬಂದಿದೆ ಎಂದು ನೋಡಿದವರೆಲ್ಲ ಹೇಳಿದ್ದಾರೆ, ಸತ್ತ ಮೇಲೆ ಊಟವನ್ನೂ ಹಾಕಿದ್ದಾರೆ. ನನ್ನ ತಕರಾರಿರುವುದು ಆ ದೃಶ್ಯದಲ್ಲಿ ಬದುಕಿರುವ ಒಬ್ಬರ ಬಗ್ಗೆ. ಹೆಣಗಳ ಸಾಲಿನಲ್ಲಿ ಒಬ್ಬ ಮುದುಕಿ ಒಂದೊಂದೇ ಅಂಗಿಯ ಕಾಲರ್ ತಿರುವಿ ನೋಡಿ, "ನಮ್ದಲ್ಲ" ಎನ್ನುತ್ತಾ ಮುಂದೆ ಸಾಗುತ್ತಾಳೆ. ಆಕೆ ನಟಿಯಲ್ಲ, ನಮ್ಮಜ್ಜಿ. ಆಕೆ ನಟಿಸುತ್ತಲೂ ಇರಲಿಲ್ಲ. ಆ ತುಣುಕನ್ನು ನೀವು ತೆಗೆಸಬೇಕು. ವಿಷಯ ಇಷ್ಟೇ. ಇಷ್ಟನ್ನೇ ಹೇಳಲು ಬಂದು ನಿಮ್ಮ ಕಚೇರಿಯಿಂದ ಗೌರವಪೂರ್ವಕವಾಗಿ ಹೊರಗೆ ಕಳಿಸಲ್ಪಟ್ಟಿದ್ದರಿಂದ, ಉಳಿದದ್ದನ್ನು ಹೀಗೆ ಬಹಿರಂಗವಾಗಿ ಬರೆಯಬೇಕಾಗಿದೆ.

ನಿಮ್ಮ ಕಚೇರಿಯ ಎರಡನೆಯ ಕೋಣೆಯಲ್ಲಿ, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅದರ ಮೇಲೆ ಊಟದ ಡಬ್ಬಿಯನ್ನೇ ಹೇರಿ ಕೂತಿರುವ ಒಬ್ಬ ಗುಮಾಸ್ತರಿದ್ದಾರೆ. ತುಂಬ ಸಜ್ಜನರು. ನನ್ನನ್ನು ಕೂರಿಸಿ ಕೇಳಿದರು.

"ಏನಪ್ಪಾ ಆಕ್ಷೇಪಣೆ? ರಕ್ತಾನಾ?"

"ಅಲ್ಲ ಸಾರ್."

"ಬೈಗುಳಾನಾ? ಸಿಗರೇಟು, ಕುಡಿತ?"

"ಕಾಲರ್ ಸಾರ್."

"ಯಾವ ಕಾಲರು?"

"ಅಂಗಿ ಕಾಲರು."

"ಹರಿದಿದ್ಯಾ? ಮೈ ಕಾಣ್ಸುತ್ತಾ?"

"ಇಲ್ಲ ಸಾರ್. ತಿರುವಿ ನೋಡ್ತಾರೆ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮನೇಲಿ ದೊಡ್ಡೋರು ಯಾರೂ ಇಲ್ವಾ ನಿಂಗೆ?"

"ಇದಾರೆ ಸಾರ್. ಅವರ ವಿಷಯಾನೇ ಹೇಳ್ತಿರೋದು."

ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮುಖವೇ ಅಂಥದ್ದು. ಪಕ್ಕದ ರಸ್ತೆಯ ಹೊಸ ಕಟ್ಟಡದ ಲಿಫ್ಟು ಕೆಟ್ಟು ನಿಂತಾಗ ಅದಕ್ಕೆ ಹಾರ ಹಾಕಿ, 'ಮೇಲೇರಿದವರು ಮರಳಿ ಬರಲಿಲ್ಲ' ಎಂದು ಶ್ರದ್ಧಾಂಜಲಿ ಫಲಕ ತೂಗುಹಾಕಿದವನು ನಾನೇ. ರಸ್ತೆಯವರೆಲ್ಲ ನಾನು ಗಂಭೀರವಾಗಿ ಮಾತಾಡಿದರೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಆದರೂ ಮಾನ್ಯರೇ, ದಯವಿಟ್ಟು ಈ ಪತ್ರವನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ನಮ್ಮ ನಗರದ ಕೆಟ್ಟ ಕಾಲಕ್ಕೆ ಈಗ ಬಹಳ ಒಳ್ಳೆಯ ಕಾಲ ಬಂದಿದೆ. ವರ್ಷಕ್ಕೆ ಮೂರು ನಾಲ್ಕು ಚಿತ್ರಗಳಾದರೂ ಆ ಕಾಲಕ್ಕೆ ಹೋಗಿಬರುತ್ತವೆ. ಅವುಗಳನ್ನು ನೋಡಿ ನಾನು ತಿಳಿದುಕೊಂಡ ಇತಿಹಾಸ ಹೀಗಿದೆ. ಆಗ ನಗರದಲ್ಲಿ ಸೂರ್ಯ ಹುಟ್ಟುತ್ತಿರಲಿಲ್ಲ. ಎಲ್ಲ ಬೀದಿಗಳಲ್ಲೂ ಹೊಗೆ ಇರುತ್ತಿತ್ತು, ಎಲ್ಲಿಂದ ಬರುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ಗೂಂಡಾಗಳು ಬಿಳಿ ಬಟ್ಟೆ ತೊಟ್ಟು ಅಷ್ಟೊಂದು ಕೊಲೆ ಮಾಡಿದರೂ ಒಂದು ಕಲೆಯೂ ಅಂಟುತ್ತಿರಲಿಲ್ಲ. ಸಾಯುವವನು ಒಂದು ಹಾಡು ಮುಗಿಯುವಷ್ಟು ಹೊತ್ತು ಬೀಳುತ್ತಿದ್ದ. ಹೆಂಗಸರು ಎರಡೇ ಬಗೆ, ಕುಣಿಯುವವರು ಮತ್ತು ಬಾಗಿಲ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಳ್ಳುವವರು. ಆ ಕಾಲದಲ್ಲಿ ಯಾರೂ ತರಕಾರಿ ಕೊಳ್ಳಲಿಲ್ಲವೇ? ಯಾರಿಗೂ ನೆಗಡಿಯಾಗಲಿಲ್ಲವೇ? ಶಾಲೆಯ ಫೀಸು ಕಟ್ಟುವ ದಿನ ಯಾರ ಮನೆಗೂ ಬರಲಿಲ್ಲವೇ? ಹೀಗೆಲ್ಲ ಕೇಳುವ ಯೋಗ್ಯತೆ ನನಗೇನೂ ಇಲ್ಲ. ನಾನು ಹುಟ್ಟುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಅದರ ಭಯ ನನಗೆ ತಲುಪಿದ್ದು ಟಿಕೆಟ್ಟಿನ ಜೊತೆಗೆ, ತಂಪು ಪಾನೀಯದ ಜೊತೆಗೆ. ಮಚ್ಚು ಹೊರಬಂದಾಗ ಮುಂದಿನ ಸಾಲಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ.

ಆದ್ದರಿಂದ ಚಿತ್ರತಂಡ ನಮ್ಮ ರಸ್ತೆಗೇ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೊರಗಡೆ ಕಬ್ಬಿಣದ ಮೆಟ್ಟಿಲಿರುವ ಹಳೆಯ ಮೂರಂತಸ್ತಿನ ಕಟ್ಟಡಗಳು ಈಗ ಎಲ್ಲೂ ಉಳಿದಿಲ್ಲವಂತೆ. ನಾವು ಕಳೆದ ವರ್ಷವಷ್ಟೇ ಚಂದಾ ಎತ್ತಿ ಬಣ್ಣ ಹೊಡೆಸಿದ್ದ ಗೋಡೆಗೆ ಅವರು ಶ್ರದ್ಧೆಯಿಂದ ಮಸಿ ಬಳಿದರು. ಕರೆಂಟಿಲ್ಲದ ತಂತಿಗಳನ್ನು ಜೋಲುಬಿಟ್ಟರು. ಮೂಲೆಯ ಖಾಲಿ ಗ್ಯಾರೇಜಿಗೆ ಸುಟ್ಟ ಬಾಗಿಲು ಕೂರಿಸಿ ಗೋದಾಮು ಮಾಡಿದರು. ಗುಂಪು ಗುಂಪಿನ ಜಗಳದಲ್ಲಿ ಮಾರುಕಟ್ಟೆಯ ಗೋದಾಮಿಗೆ ಬೆಂಕಿ ಬಿದ್ದು ಹಮಾಲರು ಸಾಯುವ ಕತೆ ಅದು. ಹೆಣಗಳು ಬೇಕಾಗಿದ್ದವು. "ಉದ್ದ ಇರೋರು ಬೇಡ, ಫ್ರೇಮಲ್ಲಿ ಕಾಲು ಹಿಡಿಯಲ್ಲ" ಎಂದರು ಮ್ಯಾನೇಜರು. ಜೀವಮಾನದಲ್ಲಿ ಮೊದಲ ಬಾರಿಗೆ ನನ್ನ ಎತ್ತರ ಒಂದು ಅರ್ಹತೆಯಾಯಿತು.

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. "ಅಜ್ಜಿ, ನಾಳೆ ಮಧ್ಯಾಹ್ನ ನಾನು ಸಾಯ್ತೀನಿ. ಬಿಡುವಿದ್ರೆ ಬಾ."

ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಉಂಡ್ಕೊಂಡು ಸಾಯಿ. ಆಮೇಲೆ ಬಂದು ಹಸಿವು ಹಸಿವು ಅಂತ ನನ್ನ ಪ್ರಾಣ ತಿನ್ಬೇಡ."

ಇನ್ನೊಬ್ಬರನ್ನು ಇಲ್ಲಿ ಪರಿಚಯಿಸಬೇಕು. ನಮ್ಮ ಕೆಳಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಮಾವ ಇದ್ದಾರೆ. ನಮಗೆ ಸಂಬಂಧಿಯಲ್ಲ, ಆದರೆ ನಾನು ಕಣ್ಣು ಬಿಟ್ಟಾಗಿನಿಂದ ಅವರು ಗಡಿಯಾರ ಮಾವ. ಮದುವೆಯಾಗಲಿಲ್ಲ. ಅವರ ತಾಯಿ ಹೋದ ಮೇಲೆ ರಾತ್ರಿಯೂಟ ನಮ್ಮಲ್ಲೇ. ಮಾತು ಕಡಿಮೆ. ಹೊಸ ಅಂಗಿ ಕೊಂಡರೆ ಅದನ್ನು ತೊಡುವ ಮೊದಲು ಮೇಲೆ ತಂದು ಅಜ್ಜಿಯ ಮುಂದಿಡುತ್ತಾರೆ. ಅಜ್ಜಿ ಕಾಲರಿನ ಒಳಗೆ, ಕತ್ತಿಗೆ ತಾಗುವ ಜಾಗದಲ್ಲಿ, ಹಸಿರು ದಾರದಲ್ಲಿ ಅಡ್ಡಕ್ಕೊಂದು ಉದ್ದಕ್ಕೊಂದು ಹೊಲಿಗೆ ಹಾಕಿ ಕೊಡುತ್ತಾಳೆ. ಅಪ್ಪನ ಅಂಗಿಗಳಿಗೂ ಹಾಗೇ, ನನ್ನವಕ್ಕೂ ಹಾಗೇ. ಲಾಂಡ್ರಿಯಲ್ಲಿ ಅದಲುಬದಲಾಗದಿರಲಿ ಅಂತ ನನ್ನ ಚಿಕ್ಕಂದಿನಲ್ಲಿ ಹೇಳಿದ್ದಳು. "ಬಟ್ಟೆ ಒಗೆಯೋ ಮಿಷನ್ನು ಮನೇಲೇ ಇದೆ, ಇನ್ಯಾರ ಅಂಗಿ ಜೊತೆ ಅದಲುಬದಲಾಗುತ್ತೆ? ಪಕ್ಕದ ಮನೆ ಬೆಕ್ಕಿನದ್ದಾ?" ಎಂದು ನಾನು ಆಡಿಕೊಂಡರೆ, "ಸುಮ್ನೆ ತೊಟ್ಕೋ" ಎನ್ನುತ್ತಿದ್ದಳು.

ಮಾವನ ಅಂಗಡಿಯ ಗೋಡೆಯ ಮೇಲೆ ಅವರ ಹರೆಯದ ಫೋಟೊ ಇದೆ. ಸ್ಟುಡಿಯೊದಲ್ಲಿ ತೆಗೆಸಿದ್ದು, ಹಿಂದೆ ಬಣ್ಣದ ಪರದೆ, ಮೈಮೇಲೆ ಅಗಲ ಕಾಲರಿನ ತಿಳಿ ಬಣ್ಣದ ಅಂಗಿ. ಚಿತ್ರದ ವಸ್ತ್ರವಿನ್ಯಾಸದ ಹುಡುಗಿ ಅದನ್ನು ಕಂಡು ಕುಣಿದಾಡಿದಳು. "ಅಂಕಲ್, ಪಕ್ಕಾ ಆ ಪೀರಿಯಡ್ಡು. ಇದನ್ನೇ ಕಾಪಿ ಮಾಡ್ತೀನಿ." ಮಾವ ಏನೋ ಹೇಳಲು ಬಾಯಿ ತೆರೆದು, ಮತ್ತೆ ಕಣ್ಣಿಗೆ ಭೂತಕನ್ನಡಿ ಏರಿಸಿಕೊಂಡರಂತೆ. ಮೂರೇ ದಿನದಲ್ಲಿ ಅಂಥವೇ ಅಂಗಿಗಳ ರಾಶಿ ಬಂತು. ಕಾಲರಿನ ಅಗಲ, ಗುಂಡಿಯ ಬಣ್ಣ, ಜೇಬಿನ ಮೇಲಿನ ಮಡಿಕೆ, ಎಲ್ಲ ಹಾಗೇ ಇತ್ತು. ಫೋಟೊದಲ್ಲಿ ಕಾಣುವುದೆಲ್ಲ ಬಂದಿತ್ತು.

ನಾನು ಸಾಯಬೇಕಿದ್ದ ದಿನ ನಮಗೆಲ್ಲ ಆ ಅಂಗಿಗಳನ್ನೇ ತೊಡಿಸಿ ಗೋದಾಮಿನ ಮುಂದೆ ಬೋರಲಾಗಿ ಸಾಲಾಗಿ ಮಲಗಿಸಿದರು. ಮುಖಕ್ಕೆ, ಕೂದಲಿಗೆ ಎಣ್ಣೆ ಕಲಸಿದ ಮಸಿ. ನಾನು ಎಡದಿಂದ ನಾಲ್ಕನೆಯವನು. ಐದನೆಯ ಹೆಣ ನಮ್ಮ ಇಸ್ತ್ರಿ ಅಂಗಡಿಯವನ ತಮ್ಮ, ಅವನಿಗೆ ಸೀನು ಬರುತ್ತಿತ್ತು, ನಾನು ಪಿಸುಗುಟ್ಟಿ ಅವನನ್ನು ನಗಿಸುತ್ತಿದ್ದೆ. ಕ್ಯಾಮೆರಾ ಶುರುವಾಯಿತು. ಅಷ್ಟರಲ್ಲಿ ಚಪ್ಪಲಿಯ ಸದ್ದು ಕೇಳಿತು. ಬಲಗಾಲು ಸ್ವಲ್ಪ ಎಳೆಯುವ ಆ ಸದ್ದು ನನಗೆ ಗೊತ್ತು. ಅಜ್ಜಿ ನನ್ನ ಸಾವು ನೋಡಲು ಬಂದಳು, ಈಗ ಗಲಾಟೆ, ಎಂದುಕೊಂಡೆ. ಗಲಾಟೆಯೇನೂ ಆಗಲಿಲ್ಲ. ಆ ಕಡೆಯಿಂದ ತಡೆಯಲು ಬಂದ ಹುಡುಗನಿಗೆ ನಿರ್ದೇಶಕರು ಸನ್ನೆ ಮಾಡಿ ಸುಮ್ಮನಿರಿಸಿದರಂತೆ. ಯಾರೂ 'ಕಟ್' ಅನ್ನಲಿಲ್ಲ.

ಎಡತುದಿಯಲ್ಲಿ ಬಟ್ಟೆ ಸರಿದ ಸದ್ದು. ಆಮೇಲೆ ಒಂದು ದನಿ. "ನಮ್ದಲ್ಲ."

ಆ ದನಿ ನನಗೆ ಗೊತ್ತಿರಲಿಲ್ಲ. ಚಪ್ಪಲಿ ನಮ್ಮಜ್ಜಿಯದು, ದನಿ ಬೇರೆ ಯಾರದೋ, ನಮ್ಮಜ್ಜಿಗಿಂತ ತುಂಬ ಚಿಕ್ಕ ವಯಸ್ಸಿನ ಹೆಂಗಸಿನದು. ಎರಡನೆಯವನು. "ನಮ್ದಲ್ಲ." ಮೂರನೆಯವನು. ಆಮೇಲೆ ನನ್ನ ಕತ್ತಿನ ಹಿಂದೆ ಒಂದು ಬೆರಳು ಬಂತು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳ ತುದಿಯನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. 'ಅಜ್ಜಿ, ಕಚಗುಳಿ' ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಕಾಲರ್ ತಿರುವಿದಳು. ಅದು ಸಿನಿಮಾ ಕಂಪನಿಯ ಅಂಗಿ, ಒಳಗೆ ದಾರ ಎಲ್ಲಿಂದ ಬರಬೇಕು? "ನಮ್ದಲ್ಲ" ಎಂದಳು. ಹೇಳಿ ಉಸಿರು ಬಿಟ್ಟಳು. ಆ ಉಸಿರಿನ ಬಿಸಿ ನನ್ನ ಕತ್ತಿಗೆ ತಾಗಿತು. ಅದು ಸಮಾಧಾನದ ಉಸಿರಾಗಿತ್ತು ಮಾನ್ಯರೇ. ನಾನು ಅವಳ ಮೊಮ್ಮಗ, ಅವಳ ಕೈಯಡಿಯಲ್ಲೇ ಸತ್ತು ಮಲಗಿದ್ದೆ, ನಾನು ಅವಳವನಲ್ಲ ಎಂದು ಅವಳಿಗೆ ಸಮಾಧಾನವಾಗಿತ್ತು. ಮಾತಾಡಿದ್ದರೆ ಅವಳ ಪಾಲಿಗೆ ಯಾರು ಎದ್ದು ಕೂರುತ್ತಿದ್ದರೋ, ನನಗೆ ಈಗಲೂ ಗೊತ್ತಿಲ್ಲ.

ಸಾಲು ಮುಗಿಯಿತು. ಚಪ್ಪಲಿಯ ಸದ್ದು ತಿರುಗಿ ಎಡತುದಿಗೆ ಹೋಯಿತು. ಮತ್ತೆ ಮೊದಲಿನಿಂದ ಶುರುವಾಯಿತು.

ಎರಡನೆಯ ಸಲ ನನ್ನನ್ನು ದಾಟಿಹೋದ ಮೇಲೆ ನಾನು ಒಂದು ಕಣ್ಣು ತೆರೆದೆ. ಗಡಿಯಾರ ಮಾವ ಅಂಗಡಿಯಿಂದ ಇಳಿದು ಬಂದಿದ್ದರು. ಭೂತಕನ್ನಡಿ ಹಣೆಯ ಮೇಲೇ ಇತ್ತು. ಅಜ್ಜಿಯ ಕೈ ಹಿಡಿಯಲಿಲ್ಲ, ಕೂಗಲಿಲ್ಲ. ಬಂದು ಕೊನೆಯ ಹೆಣದ ಪಕ್ಕದಲ್ಲಿ ನೆಲಕ್ಕೆ ಮಂಡಿಯೂರಿ ಕೂತು, ತಲೆ ತಗ್ಗಿಸಿ ಕತ್ತು ಕೊಟ್ಟರು. ಅಷ್ಟು ವಯಸ್ಸಾದವರು, ಎಷ್ಟೋ ಸಲ ಮಾಡಿದ ಕೆಲಸವೆಂಬಂತೆ. ಅಜ್ಜಿ ಅವರ ಕಾಲರ್ ತಿರುವಿದಳು. ಬೆರಳಿನಿಂದ ದಾರವನ್ನು ಸವರಿದಳು.

"ನಮ್ದು" ಎಂದಳು.

"ಹೂಂ ಅಮ್ಮ, ನಿಮ್ದೇ. ಬನ್ನಿ, ಮನೆಗೆ ಹೋಗೋಣ."

ಆಗ ನಿರ್ದೇಶಕರು 'ಕಟ್' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಣಗಳೂ ತಟ್ಟಿದವು.

ಆ ಸಂಜೆ ಅಡುಗೆಮನೆಯಲ್ಲಿ ನಾನು ಕೇಳುವ ಮೊದಲೇ ಅಜ್ಜಿ ಹೇಳಿದಳು. "ಸಿನಿಮಾ ಅಂತ ಗೊತ್ತಿತ್ತು ಕಣೋ. ನಂಗೇನು ಅರಳು ಮರಳಾಗಿಲ್ಲ. ಸಾಲು ನೋಡಿದ್ಮೇಲೆ ಕೈ ನನ್ನ ಮಾತು ಕೇಳಲಿಲ್ಲ." ಮಾವ ಗೋಡೆಗೊರಗಿ ನೆಲದ ಮೇಲೆ ಕೂತಿದ್ದರು. ಅವರಿಬ್ಬರ ನಡುವೆ ಕೂತು ನಾನು ಕೇಳಿದ್ದನ್ನು, ಅವರ ಒಪ್ಪಿಗೆಯಿಂದಲೇ, ನಿಮಗೆ ಹೇಳುತ್ತಿದ್ದೇನೆ.

ಆ ವರ್ಷಗಳಲ್ಲಿ ನಮ್ಮ ರಸ್ತೆಯ ಪ್ರತಿ ಮನೆಗೂ ಒಂದು ಬಣ್ಣವಿತ್ತು. ನಮ್ಮದು ಹಸಿರು, ಕೆಳಮನೆಯದು ನೀಲಿ, ಎದುರು ಮನೆಯದು ಹಳದಿ. ಹೆಂಗಸರು ಮೆಟ್ಟಿಲ ಮೇಲೆ ಕೂತು ಗಂಡಸರ ಅಂಗಿಗಳ ಕಾಲರಿನೊಳಗೆ ದಾರ ಹಾಕುತ್ತಿದ್ದರು. ಯಾತಕ್ಕೆಂದು ಮಕ್ಕಳಿಗೆ ಹೇಳುತ್ತಿರಲಿಲ್ಲ, ತಮ್ಮತಮ್ಮಲ್ಲೂ ಹೇಳಿಕೊಳ್ಳುತ್ತಿರಲಿಲ್ಲ. 'ಲಾಂಡ್ರಿಗೆ' ಎನ್ನುತ್ತಿದ್ದರು. ಕೆಟ್ಟ ದಿನಗಳಲ್ಲಿ ಸತ್ತವರನ್ನು ಆಸ್ಪತ್ರೆಯ ಹಿತ್ತಲಿನಲ್ಲಿ ಸಾಲಾಗಿ ಬೋರಲು ಮಲಗಿಸುತ್ತಿದ್ದರು. ಕಾಲರ್ ನೋಡಿದರೆ ಸಾಕು, ಮುಖ ನೋಡಬೇಕಾಗಿಲ್ಲ. ಅಷ್ಟರಮಟ್ಟಿಗೆ ತಮಗೆ ತಾವೇ ಮಾಡಿಕೊಂಡ ಉಪಕಾರ ಅದು. ಹೊಗೆ ತುಂಬಿದ ಯಾವ ಚಿತ್ರದಲ್ಲೂ ನಾನು ಈ ಸೂಜಿಯನ್ನು ಕಂಡಿಲ್ಲ.

ಅಪ್ಪನ ತಮ್ಮ, ಅಂದರೆ ನಾನು ನೋಡದ ನನ್ನ ಚಿಕ್ಕಪ್ಪ, ಮತ್ತು ಕೆಳಮನೆಯ ಈ ಮಾವ ಜೀವದ ಗೆಳೆಯರು. ಇಬ್ಬರೂ ಮಾರುಕಟ್ಟೆಯ ಗೋದಾಮಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಮಾವನಿಗೆ ಸ್ಟುಡಿಯೊಗೆ ಹೋಗಿ ಫೋಟೊ ತೆಗೆಸಿಕೊಳ್ಳುವ ಆಸೆ. ಒಳ್ಳೆಯ ಅಂಗಿ ಇರಲಿಲ್ಲ. "ನಂದು ಹಾಕ್ಕೊಂಡು ಹೋಗು, ನಿನ್ನ ಪಾಳಿ ನಾನು ನೋಡ್ಕೋತೀನಿ" ಎಂದ ಚಿಕ್ಕಪ್ಪ. ಅಗಲ ಕಾಲರಿನ ತನ್ನ ಅಂಗಿ ಬಿಚ್ಚಿ ಕೊಟ್ಟು, ಇವರ ಕೆಲಸದ ಅಂಗಿ ತೊಟ್ಟು ಹೋದ. ಗೋದಾಮಿಗೆ ಬೆಂಕಿ ಬಿದ್ದದ್ದು ಅವತ್ತೇ.

"ಅವತ್ತೂ ಹೀಗೇ ಮಸಿ ಹಿಡಿದಿತ್ತು ಎಲ್ಲರಿಗೂ" ಎಂದಳು ಅಜ್ಜಿ. "ಒಂದೊಂದೇ ನೋಡ್ಕೊಂಡು ಬಂದೆ. ಒಂದ್ರಲ್ಲಿ ನೀಲಿ ದಾರ ಇತ್ತು. ನಮ್ದಲ್ಲ ಅಂದೆ. ಅಬ್ಬಾ ಅಂದೆ ಕಣೋ. ಕೆಳಮನೆಯವಳನ್ನ ನಾನೇ ಕರೆದೆ. ಬಾರೇ, ನಿಮ್ದು ಇಲ್ಲಿದೆ ಅಂತ. ಅವಳನ್ನ ನಾನೇ ತಬ್ಬಿ ಹಿಡ್ಕೊಂಡೆ. ಅವರ ಮನೆಯವರು ತಗೊಂಡು ಹೋದ್ರು. ನಾನು ನೆರೆಮನೆಯವಳ ಹಾಗೆ ಹಿಂದೆ ನಿಂತಿದ್ದೆ."

ರಸ್ತೆಗಳೆಲ್ಲ ಬಂದ್ ಆಗಿದ್ದರಿಂದ ಮಾವ ಊರಿನ ಆ ತುದಿಯಲ್ಲೇ ಸಿಕ್ಕಿಬಿದ್ದಿದ್ದರು. ಮರುದಿನ ನಡೆದೇ ಬಂದರು. ಅಳುತ್ತಿದ್ದ ತಮ್ಮ ಮನೆಯ ಬಾಗಿಲಿಗೆ ತಾವೇ ಬಂದು ನಿಂತರು, ಮೈಮೇಲೆ ಚಿಕ್ಕಪ್ಪನ ಅಂಗಿ. ಅವರ ತಾಯಿ ಚೀರಿ ಅಪ್ಪಿಕೊಂಡರು. ಅಜ್ಜಿ ಮೆಟ್ಟಿಲ ಮೇಲಿದ್ದಳು. ಇಳಿದು ಬಂದಳು. ಗೊತ್ತಾಗಿತ್ತು, ಆದರೂ ಕಾಲರ್ ತಿರುವಿ ನೋಡಿದಳು. ಮಾವ ತಲೆ ತಗ್ಗಿಸಿ ಕತ್ತು ಕೊಟ್ಟರು.

"ಅವತ್ತಿಂದ ನನ್ನ ಅಂಗಿಗೆ ಹಸಿರೇ" ಎಂದರು ಮಾವ. ಆ ಸಂಜೆ ಅವರು ಆಡಿದ ಮಾತು ಅದೊಂದೇ.

ಈಗ ಚಿತ್ರದ ತುಣುಕುಗಳು ಎಲ್ಲರ ಫೋನಿಗೂ ಬಂದಿವೆ. ಮಾನ್ಯರೇ, ನೀವೂ ನೋಡಿರುತ್ತೀರಿ. ನಮ್ಮಜ್ಜಿ ಸಾಲಿನುದ್ದಕ್ಕೂ ಬರುತ್ತಾಳೆ, ಪ್ರತಿ "ನಮ್ದಲ್ಲ"ಕ್ಕೂ ಒಂದೊಂದು ನಗಾರಿ ಪೆಟ್ಟು. ಕೊನೆಯ ಹೆಣದ ಹತ್ತಿರ ಬರುವಷ್ಟರಲ್ಲಿ ದೃಶ್ಯ ಕತ್ತರಿಸಿ, ನಾಯಕ ಮುಷ್ಟಿ ಬಿಗಿಯುತ್ತಾನೆ. ಗಡಿಯಾರ ಮಾವ ಇಲ್ಲ. ಬಾಗಿದ ಆ ಕತ್ತಿಲ್ಲ. "ನಮ್ದು" ಎಂಬ ಮಾತೂ ಇಲ್ಲ. ಮೂಲೆಯ ಅಂಗಡಿಯ ಮುಂದೆ ಹುಡುಗರು ಒಬ್ಬರ ಕಾಲರನ್ನೊಬ್ಬರು ತಿರುವಿ "ನಮ್ದಲ್ಲ" ಎಂದು ಬಿದ್ದು ಬಿದ್ದು ನಗುತ್ತಾರೆ. ಅವರನ್ನು ಬೈಯುವ ಬಾಯಿ ನನಗಿಲ್ಲ. ಬೇರೆಯವರ ಅಜ್ಜಿಯಾಗಿದ್ದರೆ ಆ ಆಟವನ್ನು ಮೊದಲು ಶುರು ಮಾಡುತ್ತಿದ್ದವನು ನಾನೇ.

ನಿರ್ದೇಶಕರ ಹತ್ತಿರವೂ ಹೋಗಿದ್ದೆ. "ಅಜ್ಜಿ ಶಾಟ್ ತೆಗೆದ್ರೆ ಸಿನಿಮಾದ ಜೀವಾನೇ ಹೋಗುತ್ತೆ ಬ್ರೋ" ಎಂದರು. "ಸಾರ್ವಜನಿಕ ರಸ್ತೆ, ಪರ್ಮಿಷನ್ ಇದೆ. ಬೇಕಾದ್ರೆ ಆರಂಭದಲ್ಲಿ ಅಜ್ಜಿಗೆ ನಮನ ಅಂತ ಹಾಕ್ತೀವಿ." ಬದುಕಿರುವವಳಿಗೆ ನಮನ, ಸತ್ತವನಿಗೆ ನಗಾರಿ. ಲಿಫ್ಟಿಗೆ ಹಾರ ಹಾಕಿದವನು ನಾನು. ಅಂಥ ನನಗೇ ಇದು ಸ್ವಲ್ಪ ಅತಿಯಾಯಿತೆನಿಸಿತು.

ನಿಜವನ್ನೇ ತೋರಿಸಿದ್ದಾರಲ್ಲ, ಅದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಸುಳ್ಳು ಹೊಗೆ, ಸುಳ್ಳು ರಕ್ತದ ಈ ಮೆರವಣಿಗೆಯಲ್ಲಿ ನಿಜವಾದದ್ದು ಅದೊಂದೇ ಎಂದು ನೀವು ಮೆಚ್ಚಲೂಬಹುದು. ನಿಮ್ಮ ಕತ್ತರಿಗೆ ಅದರಲ್ಲಿ ಸಿಗುವಂಥದ್ದೇನೂ ಇಲ್ಲ. ರಕ್ತವಿಲ್ಲ, ಬೈಗುಳವಿಲ್ಲ, ಸಿಗರೇಟಿಲ್ಲ. ಮಕ್ಕಳೂ ನೋಡಬಹುದಾದ ದೃಶ್ಯ. ಆದರೆ ಆ ಮಾತನ್ನು ಅಜ್ಜಿ ಒಮ್ಮೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವನ ಕತ್ತಿನ ಮೇಲೆ ಬೆರಳಿಟ್ಟುಕೊಂಡು ಹೇಳಿದ್ದಾಳೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ಜೀವಮಾನ ಇನ್ನೊಬ್ಬರ ಮಗನ ಅಂಗಿಗೆ ಹಸಿರು ದಾರ ಹಾಕಿದ್ದಾಳೆ. ಮೊನ್ನೆ ನನ್ನನ್ನು ಕೇಳಿದಳು.

"ಸಿನಿಮಾ ದಿನಕ್ಕೆ ಎಷ್ಟು ಆಟ ಇರುತ್ತೋ?"

"ನಾಲ್ಕು."

"ನಾಲ್ಕು ಸಲಾನೂ ಅನ್ನಿಸ್ತಾರಾ ನನ್ನ ಕೈಲಿ?"

ಹಾಗಾದರೆ ಮಾವ ಬಂದು ಕೂರುವುದನ್ನೂ ಸೇರಿಸಲು ಕೇಳೋಣವೇ ಎಂದೆ. "ಅವನ ಕತ್ತು ಊರಿಗೆಲ್ಲ ಯಾಕೆ?" ಎಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಮಚ್ಚುಗಳನ್ನು ಇಟ್ಟುಕೊಳ್ಳಿ. ಹೊಗೆಯನ್ನು ಇಟ್ಟುಕೊಳ್ಳಿ. ನಾಯಕ ಇನ್ನೂ ಹತ್ತು ಜನರನ್ನು ಹೆಚ್ಚಿಗೆ ಕೊಲ್ಲಲಿ, ನಾನೇ ಬಂದು ಸಾಯುತ್ತೇನೆ. ಕಾಲರ್ ತಿರುವುವ ಆ ಕೈಯನ್ನು, ಆ ದನಿಯನ್ನು ಮಾತ್ರ ತೆಗೆಸಿ. ನಿಮ್ಮ ನಿಯಮಗಳಲ್ಲಿ ಇದಕ್ಕೊಂದು ಹೆಸರಿಲ್ಲವಾದರೆ ಹೆಸರಿಲ್ಲದೆಯೇ ತೆಗೆಸಿ. ನಿಮ್ಮ ಹುದ್ದೆಗೆ ಬರುವವರ ವಯಸ್ಸು ನೋಡಿದರೆ ನೀವೂ ಆ ವರ್ಷಗಳಲ್ಲಿ ಇದೇ ಊರಿನಲ್ಲಿ ಅಂಗಿ ತೊಟ್ಟು ಓಡಾಡಿದವರಿರಬೇಕು. ನಿಮ್ಮ ತಾಯಿಯವರೂ ಲಾಂಡ್ರಿಗೆ ಎಂದು ಏನಾದರೂ ಹೇಳಿದ್ದು ನೆನಪಿದೆಯೇ?

ಕೊನೆಯದಾಗಿ ಒಂದು ಮಾಹಿತಿ. ಅವತ್ತು ಸಂಜೆ ಎಲ್ಲ ಕೇಳಿ ಮುಗಿಯುವಾಗ ನಾನಿನ್ನೂ ಕಂಪನಿಯ ಅಂಗಿಯಲ್ಲೇ ಇದ್ದೆ. ಅಜ್ಜಿ ಬಿಚ್ಚಿಸಿಕೊಂಡಳು. "ಅದು ವಾಪಸ್ ಕೊಡಬೇಕು ಅಜ್ಜಿ" ಎಂದೆ. "ಕೊಡು, ಯಾರು ಬೇಡ ಅಂದ್ರು?" ಎನ್ನುತ್ತಾ ಕಾಲರಿನೊಳಗೆ ಹಸಿರು ದಾರ ಹಾಕಿಯೇ ಕೊಟ್ಟಳು. ಈಗ ಅದು ಯಾವುದೋ ಪೆಟ್ಟಿಗೆಯಲ್ಲಿ ಮುಂದಿನ ಹೆಣಕ್ಕಾಗಿ ಕಾಯುತ್ತಿದೆ. ಇನ್ನು ಮುಂದೆ ನಿಮ್ಮ ಮುಂದೆ ಬರುವ ಯಾವ ಚಿತ್ರದಲ್ಲಾಗಲಿ, ಯಾರೇ ಆ ಅಂಗಿ ತೊಟ್ಟು ಸತ್ತಿರಲಿ, ಅವನು ನಮ್ಮವನು. ದಯವಿಟ್ಟು ನಮ್ಮ ಮನೆಗೆ ತಿಳಿಸಿ. ಈ ಸಲ ಮುಖ ನೋಡಿಯೇ ಕರೆದುಕೊಂಡು ಬರುತ್ತೇವೆ.

ಇಂತಿ,
ನಿಮ್ಮ ತೀರ್ಪನ್ನು ಬೋರಲಾಗಿ ಮಲಗಿ ಕಾಯುತ್ತಿರುವ,
ಎಡದಿಂದ ನಾಲ್ಕನೆಯವನು